ಬೆಲೆ, ಬೆಳೆ, ಬೇಳೆ: ಮೊಬೈಲ್‌ನಲ್ಲಿ ಕತೆ ಬರೆಯುವ ತಂಗಿಗೆ

ರಾಯಚೂರು

ಪ್ರೀತಿಯ ತಂಗಿ,

ನಿನ್ನ ಕತೆಯ ಎರಡೂ ಪ್ರತಿ ಓದಿದೆ. ಮೊದಲನೆಯದನ್ನು ನೋಡಿ ಯಾರೋ ಹಿರಿಯರು "ಇದು ವಾಟ್ಸ್‌ಆ್ಯಪ್ ಕನ್ನಡ, ಮೊದಲು ಕಾಗುಣಿತ ಕಲಿ" ಅಂದರಂತೆ. ಆ ಮಾತಿಗೆ ಹೆದರಿ ನೀನು ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಆಡುಮಾತನ್ನೆಲ್ಲ ತೆಗೆದು, 'ಶುದ್ಧ' ಮಾಡಿ ಇನ್ನೊಂದು ಪ್ರತಿ ಕಳಿಸಿದ್ದೀಯ. ಮೊದಲನೆಯದೇ ಒಳ್ಳೆಯ ಕತೆ. ಅದರಲ್ಲಿ ತಪ್ಪುಗಳಿವೆ, ನಿಜ. ಆದರೆ ಆ ತಪ್ಪುಗಳು ಎರಡನೆಯದರಲ್ಲೂ ಹಾಗೇ ಉಳಿದಿವೆ. ಹೋಗಿರುವುದು ತಪ್ಪಲ್ಲದ ಭಾಗ ಮಾತ್ರ.

ನಿನ್ನ ಕತೆಯ ಮುದುಕಿ ಮೊದಲು "ಮಳಿ ಹೋಗ್ಯದ, ಕಾಲುವಿ ನೀರು ಕೊನಿತನಕ ಬಂದಿಲ್ಲ" ಅಂದಿದ್ದಳು. ಈಗ "ಮಳೆ ಹೋಗಿದೆ, ಕಾಲುವೆಯ ನೀರು ಕೊನೆಯವರೆಗೆ ಬಂದಿಲ್ಲ" ಅನ್ನುತ್ತಾಳೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವ ಯಾವ ಮುದುಕಿ ಹೀಗೆ ಮಾತಾಡುತ್ತಾಳೆ, ಹೇಳು. 'ಹೋಗ್ಯದ' ಅನ್ನುವುದರಲ್ಲಿ ವ್ಯಾಕರಣ ಇಲ್ಲ ಅಂತ ಯಾರು ಹೇಳಿದ್ದು? ಅವ ಹೋಗ್ಯಾನ, ಅಕಿ ಹೋಗ್ಯಾಳ, ಅವರು ಹೋಗ್ಯಾರ, ಅದು ಹೋಗ್ಯದ. ಓದು ಬರಹ ಬರದವರೂ "ಅಕಿ ಹೋಗ್ಯಾನ" ಅನ್ನುವುದಿಲ್ಲ. ನಿಯಮ ಇದೆ, ಕಟ್ಟುನಿಟ್ಟಾಗಿಯೇ ಇದೆ. ಪುಸ್ತಕದಲ್ಲಿ ಅಚ್ಚಾಗಿರುವುದು ಕಡಿಮೆ, ಅಷ್ಟೇ. ಇನ್ನೊಂದು ಮಾತು. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು, ಕೊಪ್ಪಳದ ಸೀಮೆ ನಿಜಾಮರ ಕೈಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಆಗ ಇಲ್ಲಿ ಕನ್ನಡ ಉಳಿದದ್ದು ಹೆಚ್ಚಾಗಿ ಜನರ ಬಾಯಲ್ಲೇ. ಆ ಬಾಯಿಮಾತನ್ನು ನಾವೇ ನಾಚಿಕೊಂಡು ಅಳಿಸಿದರೆ ನನಗೆ ಸಂಕಟವಾಗುತ್ತದೆ.

ಈಗ ಬೇರೆ ಜಾತಿಯ ತಪ್ಪು ನೋಡು. ಎರಡು ಪ್ರತಿಯಲ್ಲೂ "ಅಪ್ಪ ಫೋನ್ ಮಾಡಿದರೆ. ಬಾ ಹೋಗೋಣ" ಅಂತ ಇದೆ. ನೀನು ಹೇಳಬೇಕಾಗಿದ್ದು "ಮಾಡಿದ್ದಾರೆ". ಒಂದರಲ್ಲಿ ಕೆಲಸ ಆಗಿದೆ, ಇನ್ನೊಂದರಲ್ಲಿ ಆಗಿದ್ದರೆ ಅನ್ನುವ ಅನುಮಾನ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದೀಯ, ಮೊಬೈಲ್ ಒತ್ತು, ದೀರ್ಘ ಎರಡನ್ನೂ ನುಂಗಿದೆ. ನೀನು ಬಾಯಲ್ಲಿ ಎಂದಾದರೂ ಹೀಗೆ ಅಂದಿದ್ದೀಯಾ? ಇಲ್ಲ. ಮಾನ್ವಿಯಲ್ಲೂ ಅನ್ನುವುದಿಲ್ಲ, ಮೈಸೂರಿನಲ್ಲೂ ಅನ್ನುವುದಿಲ್ಲ. ಯಾರ ಬಾಯಲ್ಲೂ ಇಲ್ಲದ ಕನ್ನಡ ಇದು.

ಇದಕ್ಕಿಂತ ಕಷ್ಟದ್ದು ಏಳನೇ ಪುಟದಲ್ಲಿದೆ. ಮಂಡಿಯಿಂದ ಮಗ ಕಳಿಸುವ ಸಂದೇಶ: "ತೊಗರಿ ಬೆಲೆ ಹೋಯಿತು". ದರ ಬಿದ್ದಿತೋ, ಹೊಲದ ಬೆಳೆ ಹಾಳಾಯಿತೋ, ಚೀಲದಲ್ಲಿದ್ದ ಬೇಳೆ ಕಳುವಾಯಿತೋ? ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಮೊಬೈಲ್ ಮುಂದಿಟ್ಟ ಮೊದಲ ಪದವನ್ನು ನೀನು ಒತ್ತಿ ಮುಂದೆ ಹೋಗಿದ್ದೀಯ. ಇಡೀ ಕತೆ ನಿಂತಿರುವುದು ಆ ಸಂದೇಶದ ಮೇಲೆ. ಮುಂದಿನ ಪುಟದಲ್ಲಿ ಅಪ್ಪ ಹೊಲಕ್ಕೆ ಓಡುತ್ತಾನೆ. ಯಾಕೆ ಓಡಿದ ಅಂತ ತಿಳಿಯಲು ನಾನು ಹಿಂದೆ ಬಂದು ಮತ್ತೆ ಓದಬೇಕಾಯಿತು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೂಢಿ ಸೋಮಾರಿತನದಿಂದ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು. ಹಳೆಯ ಮೊಬೈಲ್‌ಗಳಲ್ಲಿ ಕನ್ನಡವೇ ಮೂಡುತ್ತಿರಲಿಲ್ಲ. ಮೂಡಿದರೂ ಒಂದು ಎಸ್‌ಎಂಎಸ್‌ಗೆ ಇಂಗ್ಲಿಷ್‌ನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅದರ ಲೆಕ್ಕದಲ್ಲಿ ಆರು. ದುಡ್ಡು ಕೊಟ್ಟು ಸಂದೇಶ ಕಳಿಸುವ ಕಾಲದಲ್ಲಿ ಜನ ಇನ್ನೇನು ಮಾಡಬೇಕಿತ್ತು? ಈಗ ಆ ಅಡ್ಡಿ ಇಲ್ಲ. ಮೊಬೈಲ್‌ನಲ್ಲಿ ಕನ್ನಡ ಅಕ್ಷರವನ್ನೇ ತೋರಿಸುವ ಕೀಲಿಮಣೆ ಹಾಕಿಕೋ. ಕಂಪ್ಯೂಟರ್ ಇದ್ದರೆ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿರುವ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿ. ಅದರಲ್ಲಿ ಲ ಬೇಕೋ ಳ ಬೇಕೋ ಅಂತ ನಿನ್ನ ಬೆರಳೇ ತೀರ್ಮಾನ ಮಾಡಬೇಕು. ಮೊದಮೊದಲು ನಿಧಾನ ಆಗುತ್ತದೆ, ಆಗಲಿ.

ಇನ್ನು ವಿಭಕ್ತಿ. ನೀನು "ರಾಯಚೂರು ನಲ್ಲಿ" ಅಂತ ಬಿಡಿಸಿ ಬರೆದಿದ್ದೀಯ. ಇದು ಎಲ್ಲಿಂದ ಬಂತು ಗೊತ್ತಾ? ನಮಗೆ ಬರುವ ಎಷ್ಟೋ ಸಂದೇಶಗಳಲ್ಲಿ ಊರ ಹೆಸರಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಪಕ್ಕದಲ್ಲಿ 'ನಲ್ಲಿ' ಮೊದಲೇ ಕೂತಿರುತ್ತದೆ. ಯಂತ್ರ ಹೆಸರು ತುಂಬುತ್ತದೆ: ಮಾನ್ವಿ ನಲ್ಲಿ, ರಾಯಚೂರು ನಲ್ಲಿ, ಕೊಪ್ಪಳ ನಲ್ಲಿ. ನಾವು ಬರೆಯುವುದು ಮಾನ್ವಿಯಲ್ಲಿ, ರಾಯಚೂರಿನಲ್ಲಿ, ಕೊಪ್ಪಳದಲ್ಲಿ. ಮೂರು ಊರಿಗೆ ಮೂರು ಥರದ ಜೋಡಣೆ. ಬಾಯಿಮಾತಿನಲ್ಲೂ ರಾಯಚೂರಾಗ, ಕೊಪ್ಪಳದಾಗ ಅಂತ ಕೂಡಿಸಿಯೇ ಹೇಳುತ್ತೇವೆ. ಹೆಸರು ಒಂದು ಕಡೆ, ಪ್ರತ್ಯಯ ಒಂದು ಕಡೆ ನಿಲ್ಲುವುದು ಕನ್ನಡದ ಗುಣವೇ ಅಲ್ಲ. ಪದ ಆರಿಸಿದ ಕೂಡಲೇ ಮೊಬೈಲ್ ತಾನಾಗಿ ಜಾಗ ಬಿಡುವುದೂ ಇದಕ್ಕೆ ಕುಮ್ಮಕ್ಕು. ಆ ಜಾಗವನ್ನು ಪ್ರತಿ ಸಲ ಅಳಿಸು. ಬೇಸರ ಮಾಡಿಕೊಳ್ಳಬೇಡ.

ಭಾಷೆ ಬದಲಾಗುತ್ತಲೇ ಇರುತ್ತದೆ ಅಲ್ವಾ ಅಂತ ನೀನು ಕೇಳಬಹುದು. ಹೌದು. ಹಳಗನ್ನಡದಲ್ಲಿದ್ದ ೞ ಮತ್ತು ಱ ಅನ್ನುವ ಎರಡು ಅಕ್ಷರಗಳನ್ನೇ ನಾವು ಬಿಟ್ಟಿದ್ದೇವೆ. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಇರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಆದರೆ ಆಗ ಮೊದಲು ಬದಲಾದದ್ದು ಉಚ್ಚಾರ, ಬರಹ ಅದರ ಹಿಂದೆ ಬಂತು. ಈಗ ನಾಲಿಗೆ ಇದ್ದಲ್ಲೇ ಇದೆ, ಬರಹ ಮಾತ್ರ ಯಂತ್ರದ ಅನುಕೂಲಕ್ಕೆ ತಿರುಗುತ್ತಿದೆ. ನಾನು ಒಪ್ಪದಿರುವುದು ಇದನ್ನೇ.

ಹಾಗಂತ ಕನ್ನಡ ಒಂದೇ ಥರ ಇರಬೇಕು ಅಂತ ನಾನು ಹೇಳುತ್ತಿಲ್ಲ. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಕನ್ನಡದ ತಿರುಳಿನ ನಾಡು ಅಂತ ಗುರುತಿಸಿದ ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳವೂ ಇದೆ. ಅದೇ ಕೃತಿ 'ಕನ್ನಡಂಗಳ್' ಅಂತ ಬಹುವಚನದಲ್ಲಿ ಮಾತಾಡುತ್ತದೆ. ಸೀಮೆಗೊಂದು ಕನ್ನಡ ಇರುವುದರಿಂದ ಅವುಗಳ ದೋಷ ಇಷ್ಟೇ ಅಂತ ಎಣಿಸಲು ವಾಸುಕಿಗೂ ಬೇಸರ ಬರುತ್ತದೆ ಅನ್ನುತ್ತದೆ. ಎಷ್ಟು ಕನ್ನಡಗಳಿದ್ದರೂ ಒಂದೊಂದಕ್ಕೂ ಆಡುವ ಜನ ಇದ್ದರು. "ರಾಯಚೂರು ನಲ್ಲಿ" ಅನ್ನುವುದಕ್ಕೆ ಯಾರಿದ್ದಾರೆ?

ಇನ್ನೊಂದನ್ನು ಗಮನಿಸಿದೆ. ನಿನ್ನ ಮುದುಕಿ ಒಂದು ಪುಟದಲ್ಲಿ 'ಅದ' ಅಂದರೆ ಇನ್ನೊಂದರಲ್ಲಿ 'ಐತಿ' ಅನ್ನುತ್ತಾಳೆ. ಕೊಪ್ಪಳದ ಕಡೆ 'ಐತಿ' ಜಾಸ್ತಿ. ರೀಲ್ಸ್‌ನಲ್ಲಿ 'ಉತ್ತರ ಕರ್ನಾಟಕದ ಭಾಷೆ' ಅಂತ ಎಲ್ಲವನ್ನೂ ಕಲಸಿ ಕೊಡುತ್ತಾರೆ, ಅದು ನಿನ್ನ ಕಿವಿಗೆ ಹತ್ತಿದೆ. ಆ ಮುದುಕಿ ಯಾವ ಊರಿನವಳು, ಎಲ್ಲಿಂದ ಮದುವೆಯಾಗಿ ಬಂದವಳು ಅಂತ ಮೊದಲು ತೀರ್ಮಾನ ಮಾಡು. ಆಮೇಲೆ ಕೊನೆಯವರೆಗೂ ಅದಕ್ಕೇ ನಿಲ್ಲು.

ಪೂರ್ಣವಿರಾಮ ಎಷ್ಟೋ ಕಡೆ ಇಲ್ಲ. ಸಂದೇಶ ಕಳಿಸುವಾಗ 'ಕಳಿಸು' ಒತ್ತಿದರೆ ವಾಕ್ಯ ಮುಗಿಯಿತು, ಚುಕ್ಕೆ ಬೇಕಿಲ್ಲ. ಕತೆಯಲ್ಲಿ ಬೇಕು. ಇದು ಸಣ್ಣ ಕೆಲಸ, ಒಂದು ಸಂಜೆ ಕೂತರೆ ಮುಗಿಯುತ್ತದೆ.

ಎರಡನೇ ಪ್ರತಿಯನ್ನು ಅಳಿಸಿಬಿಡು. ಮೊದಲನೆಯದನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳು. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಗುರುತು ಹಾಕಿ ತಿದ್ದು. ಕಳಿಸುವಾಗ ಪಿಡಿಎಫ್ ಬೇಡ, ಯೂನಿಕೋಡ್‌ನಲ್ಲೇ ಕಳಿಸು. ಹಳೆಯ ಫಾಂಟ್‌ನಿಂದ ಬದಲಾಯಿಸುವಾಗ ಒತ್ತು, ಅರ್ಕಾವತ್ತು ಚೆಲ್ಲಾಪಿಲ್ಲಿ ಆಗುತ್ತವೆ. ಆಗ ನಿನ್ನ ತಪ್ಪು ಯಾವುದು, ಫಾಂಟ್‌ನದು ಯಾವುದು ಅಂತ ನನಗೆ ತಿಳಿಯುವುದಿಲ್ಲ.

ಇಂತಿ,
ನಿನ್ನ ಅಕ್ಕ