ಫೈನ್ ಅನ್ನೂ ಮುಂದ ಒಂದೀಟು ತಡಿ

ಇಳಕಲ್ಲ

ಚಿ. ಸವಿತಾಗ ಕಾಕಾನ ಆಶೀರ್ವಾದ.

ಬೆಳಗಾವಿ ಆಫೀಸಿನ್ಯಾಗ ಯಾರು ಇಂಗ್ಲಿಷಿನ್ಯಾಗ ಏನು ಕೇಳಿದ್ರೂ ‘ಫೈನ್’ ಅಂದು ಪಾರಾಗ್ತೀನಿ ಅಂತ ಬರದೀಯಲ್ಲ, ಅದ ಶಬ್ದ ಒಂದಿನ ನಿನ್ನ ತೊಡಕಿನ್ಯಾಗ ಹಾಕ್ತೈತಿ.

ಮೊದಲ ಉಚ್ಚಾರ. ನಮ್ಮ ಕಡೆ ಬಾಯಾಗ ‘ಪೈನ್’ ಆಗ್ತೈತಿ, ಅದು ಗುಡ್ಡಗಾಡಿನ ಒಂದು ಗಿಡದ ಹೆಸರು. ಮ್ಯಾಲಿನ ಹಲ್ಲು ಕೆಳಗಿನ ತುಟಿಗೆ ಹಗೂರಕ ತಾಗಿಸಿ ಗಾಳಿ ಬಿಡು. ಎರಡೂ ತುಟಿ ಕೂಡಿದ್ರ ಕೆಟ್ಟಿತು.

ಯಾರರ ಚಹಾ ಬೇಕೇನು ಅಂತ ಕೇಳಿದಾಗ ‘ಐ ಆ್ಯಮ್ ಫೈನ್’ ಅಂದ್ರ ‘ಬ್ಯಾಡ್ರಿ’ ಅಂತ ಅರ್ಥ. ನೀ ಬೇಕು ಅನ್ನೂ ಅರ್ಥದಾಗ ಅಂದಿದ್ರೂ ಕಪ್ಪು ಬಾಜೂ ಟೇಬಲ್ಲಿಗೆ ಹೋಗ್ತೈತಿ. ಬೇಕಾದ್ರ ‘ಯೆಸ್, ಪ್ಲೀಸ್’ ಅನ್ನು. ಸಾಹೇಬ್ರ ಮೆಸೇಜಿಗೆ ಬರೀ ‘ಫೈನ್’ ಅಂತ ಒಂದ ಶಬ್ದ ಹಾಕಬ್ಯಾಡ. ಧ್ವನಿ ಕೇಳೂದಿಲ್ಲ, ‘ಆತು ಬಿಡ್ರಿ, ನಿಮ್ಮ ಮನಸ್ಸಿನಂಗ ಆಗಲಿ’ ಅಂತ ಸಿಟ್ಟಿಲೆ ಅಂದಂಗ ಕಾಣ್ತೈತಿ. ‘ದ್ಯಾಟ್ಸ್ ಫೈನ್ ವಿತ್ ಮಿ’ ಅಂದ್ರ ನಂದೇನೂ ಅಡ್ಡಿಯಿಲ್ಲ. ಇನ್ನೊಬ್ಬರ ಕೆಲಸಕ್ಕ ‘ಇಟ್ಸ್ ಫೈನ್’ ಅಂದ್ರ ‘ನಡೀತೈತಿ’ ಅಂದಷ್ಟ. ಆದ್ರ ‘ಎ ಫೈನ್ ಸಾರಿ’ ಅಂತ ವಸ್ತುವಿನ ಹೆಸರಿನ ಮುಂದ ಕುಂತ್ರ ಖರೇ ಹೊಗಳಿಕಿ. ಇಂಗ್ಲಿಷಿನ ಲಹರಿ ಅದು.

ಚೊಲೋದಕ್ಕೂ ಫೈನ್, ದಂಡಕ್ಕೂ ಫೈನ್ ಹೆಂಗ ಅಂತ ಕೇಳೀಯಲ್ಲ. ಎರಡರ ಬೇರೂ ಲ್ಯಾಟಿನ್ನಿನ ‘ಫೀನಿಸ್’, ಅಂದ್ರ ಕೊನಿ. ಹಳೇ ಫ್ರೆಂಚ್ ದಾಟಿ ಬಂದೈತಿ. ತಕರಾರು ಮುಗಿಸಾಕ ಕೊಡೂ ರೊಕ್ಕ ಫೈನ್. ಇಂಗ್ಲೆಂಡಿನ ಕೋರ್ಟಿನ್ಯಾಗ ಜಮೀನಿನ ರಾಜಿ ಪತ್ರಕ್ಕೂ ಅದ ಹೆಸರಿತ್ತು: 1195ರಿಂದ ಒಂದ ಚರ್ಮದ ಹಾಳಿಮ್ಯಾಲೆ ಮೂರು ಪ್ರತಿ ಬರದು ಡೊಂಕಗೆರಿ ಹಿಡದು ಕತ್ತರಿಸ್ತಿದ್ರು. ಎರಡು ಪ್ರತಿ ಎರಡೂ ಕಡಿಯವರಿಗೆ, ತಳದ್ದು ಕೋರ್ಟಿಗೆ. ಮುಂದ ಯಾರರ ಸುಳ್ಳು ಪತ್ರ ತಂದ್ರ ಅಂಚು ಕೂಡ್ತಿರಲಿಲ್ಲ. 1833ರ ಕಾಯ್ದೆ ಬಂದು ಆ ಪದ್ಧತಿ ನಿಂತಿತು. ‘ಫೈನಾನ್ಸ್’ ಇದರ ತಂಗಿ, ಮೊದಲ ಅದರ ಅರ್ಥ ಸಾಲ ತೀರಿಸೂದು. ಈಗ ಫೈನಾನ್ಸಿನವರ ಬಾಗಲಿಗೆ ಹೋಗೂದ ಸಾಲ ಮಾಡಾಕ!

ಇನ್ನ ಚೊಲೋ ಅನ್ನೂ ಅರ್ಥ: ಕೊನಿ ಮುಟ್ಟಿದ್ದು, ತಿದ್ದೂದು ಉಳಿದಿಲ್ಲ, ಹಂಗಾಗಿ ಶುದ್ಧ, ಉತ್ತಮ. ಸರಾಫರ ಕಡೆ ಈ ಅರ್ಥ ಇನ್ನೂ ಜೀವಂತ ಐತಿ. ‘ಫೈನ್ ಗೋಲ್ಡ್’ ಅಂದ್ರ ಅಪರಂಜಿ. 22 ಕ್ಯಾರೆಟ್ಟಿನ ಬಳಿಮ್ಯಾಲೆ 916 ಅಂತ ಇರ್ತೈತಲ್ಲ, 1000 ಪಾಲಿನ್ಯಾಗ 916 ಪಾಲು ಬಂಗಾರ. ಆ ಅಂಕಿಗೆ ‘ಫೈನ್‌ನೆಸ್’ ಅಂತಾರ. ಮುಂದ ಅರ್ಥ ಉತ್ತಮದಿಂದ ನಾಜೂಕಿಗೆ, ನಾಜೂಕಿನಿಂದ ಸಣ್ಣದಕ್ಕ ಸರೀತು. ನಮ್ಮ ಓಣಿ ಮಗ್ಗದ ಮುಂದ ನಿಂತು ನೋಡು: ಒಂದು ಪೌಂಡ್ ಹತ್ತಿ ನೂಲಿಗೆ 840 ಗಜದ ಲಡಿ (ಸುತ್ತಿದ ನೂಲಿನ ಕಟ್ಟು) ಎಷ್ಟು ಬರ್ತಾವೋ ಅದ ಕೌಂಟ್. 80ರದ್ದು 40ರ ನೂಲಿಗಿಂತ ಫೈನ್.

ದಂಡದ ವಾಕ್ಯ ಬರೆಯೂವಾಗ ‘ಪುಟ್ ಫೈನ್’ ಅನ್ನಬ್ಯಾಡ, ಅದು ನಮ್ಮ ‘ದಂಡ ಹಾಕಿದ್ರು’. ‘ದೇ ಫೈನ್ಡ್ ಹಿಮ್ ಫೈವ್ ಹಂಡ್ರೆಡ್ ರುಪೀಸ್ ಫಾರ್ ಪಾರ್ಕಿಂಗ್ ದೇರ್’ ಅಂತ ಬರಿ. ರೊಕ್ಕದ ಮುಂದ ಏನೂ ಬರೂದಿಲ್ಲ, ತಪ್ಪಿನ ಮುಂದ ‘ಫಾರ್’.

ಮುಂದಿನ ಕಾಗದದಾಗ ‘ಆಲ್ ಫೈನ್’ ಅಂತ ಬರದು ಮುಗಿಸಬ್ಯಾಡ. ಊಟಕ್ಕ ಏನು ಮಾಡ್ಕೋತಿ, ರೂಮಿಗೆ ನೀರು ಬರ್ತಾವೋ ಇಲ್ಲೋ, ಅದನ್ನ ಬರಿ.

ನಿನ್ನ ಕಾಕಾ