ಮೌಸ್ ಕೊಳ್ಳಲು ಬಂದಿದ್ದ ಅಕ್ಕನಿಗೆ ಥ್ಯಾಂಕ್ಸ್

ಮಡಿಕೇರಿಯ ಕಂಪ್ಯೂಟರ್ ಅಂಗಡಿಯಲ್ಲಿ ಸಿಕ್ಕ ಅಕ್ಕಾ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ.

ಬಿ.ಕಾಂ. ಸೇರಿದ ಮಗಳಿಗೆ ಅಂಗಡಿಯವರು ಸುಮ್ನೆ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸುತ್ತಿದ್ದರು. ನೀವು ಅದನ್ನು ಚಾರ್ಜರ್ ಸಮೇತ ಅವಳ ಬ್ಯಾಗಿಗೆ ಹಾಕಿ, 'ಇದನ್ನು ಹೊತ್ತು ದಿನಾ ಬಸ್ಸಲ್ಲಿ ನಿಲ್ತೀಯಾ?' ಅಂದಿರಿ. ಅವಳ ಮುಖ ನೋಡಬೇಕಿತ್ತು! ಲೆಕ್ಕ ಬರೆಯೋ ಟ್ಯಾಲಿ, ಎಕ್ಸೆಲ್‌ಗೆ ಗೇಮ್‌ಗೆ ಬೇಕಾಗೋ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ, ಆ ದುಡ್ಡಲ್ಲಿ 16 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಸೋ ಮೆಮೊರಿ), 512 ಜಿಬಿ ಎಸ್‌ಎಸ್‌ಡಿ (ಫೈಲ್ ಉಳಿಸೋ ಜಾಗ) ಇರೋದು ನೋಡಿ, ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತೆ, ಆಮೇಲೆ ಹೆಚ್ಚಿಸೋಕಾಗಲ್ಲ ಅಂತ ಬಿಡಿಸಿ ಹೇಳಿದಿರಿ. ಕೊಡಗಿನ ಮಳೆಗೆ ಕರೆಂಟ್ ನಂಬೋ ಹಾಗಿಲ್ಲ ಅಲ್ವಾ, ಅದಕ್ಕೇ ಬ್ಯಾಟರಿ ಜಾಸ್ತಿ ಬರುವುದನ್ನೇ ತಗೊಂಡೆವು.

ತೂಕ ಒಂದೂವರೆ ಕೆಜಿ. ಮಗಳು ಖುಷಿಯಾಗಿದ್ದಾಳೆ. ಮತ್ತೆ ಸಿಕ್ಕರೆ ಕಾಫಿ ನಮ್ಮದು.