ಹೊಲಿಗೆ ಯಂತ್ರದ ನೀಲಿ ಹೊದಿಕೆ

ಪ್ರೀತಿಯ ಪುಟ್ಟಿಗೆ ಅಪ್ಪಯ್ಯನ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ತಡವರಿಸುತ್ತ ಹೇಳಿದ ಮಾತಿಗೆ ಆಗಲೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಕಚೇರಿಯಲ್ಲಿ ಯಾರೋ ಕಾಫಿ ಬೇಕೇ ಎಂದು ಕೇಳಿದಾಗ ಅಮ್ಮನ ನೆನಪಾಗಿ ತಡೆಯಲಾರದಷ್ಟು ನಗು ಬಂದಿತೆಂದೂ, ಅವಳು ಹೋಗಿ ವರ್ಷ ತುಂಬುವ ಮೊದಲೇ ಹೀಗೆ ನಕ್ಕೆನಲ್ಲ ಎಂದು ಆಮೇಲೆ ಮನಸ್ಸು ಕುಗ್ಗಿತೆಂದೂ ಹೇಳಿದೆ. ನಾನು ‘ಮಳೆ ಜೋರು, ಸರಿಯಾಗಿ ಕೇಳಿಸುತ್ತಿಲ್ಲ’ ಎಂದು ಫೋನು ಇಟ್ಟೆ. ಕೇಳಿಸಿತ್ತು.

ನಿನ್ನನ್ನು ನಗಿಸಿದ್ದು 2013ರ ಮಳೆಗಾಲದ ಆ ಕಾಫಿಯೇ ಎಂಬುದನ್ನು ಬಲ್ಲೆ. ಆದರೆ ಆ ದಿನದ ಅರ್ಧ ಮಾತ್ರ ನಿನಗೆ ಗೊತ್ತು. ಮೇ ಕೊನೆಯಲ್ಲಿ ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ಔಷಧಿಯನ್ನು ಒಂದು ಸಲ ಹೊಡೆಸಿಯಾಗಿತ್ತು. 40–45 ದಿನ ಕಳೆದು ಎರಡನೆಯ ಸಲ ಹೊಡೆಸಬೇಕಾದ ಹೊತ್ತಿಗೆ ಮಳೆ ಹೊಳವಾಗಲೇ ಇಲ್ಲ. ಹೊಳವಾದ ಒಂದೇ ಒಂದು ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ನೆಂಟರ ಮನೆಗೆ ಹೋಗಿದ್ದ. ತೋಟದಲ್ಲಿ ಎಲ್ಲಿ ಕಾಲಿಟ್ಟರೂ ತೊಟ್ಟಿನ ಬಳಿ ನೀರು ಹೀರಿದಂತೆ ಕಪ್ಪಾದ, ಬಿಳಿ ಬೂಜು ಹಿಡಿದ ಹಸಿ ಅಡಿಕೆ. 1 ಕಿಲೋ ಮೈಲುತುತ್ತವೆಂಬ ತಾಮ್ರದ ನೀಲಿ ಲವಣ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ದ್ರಾವಣ ಕಲಸಿ, ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ಅದು ಕೆಂಪಾಗಲಿಲ್ಲ, ಸುಣ್ಣ ಸಾಕು ಎಂದು ಖಾತ್ರಿ ಮಾಡಿಕೊಂಡ ನಾನು, ಮರ ಹತ್ತಿ ಇಪ್ಪತ್ತು ವರ್ಷವಾಗಿತ್ತೆಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಕ್ಕಾಲು ಮರ ಏರಿ, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ ಮರವನ್ನಪ್ಪಿ ನಿಂತಿದ್ದಾಗ, ಮಳೆಯ ರಜೆಯ ಹುರುಪಿನಲ್ಲಿದ್ದ ನೀನು ಕೆಳಗೆ ಪಂಪಿನ ಹಿಡಿಯನ್ನು ಬಲವಾಗಿ ಒತ್ತಿದೆ. ಪೈಪು ಕಳಚಿಕೊಂಡು ಔಷಧಿಯೆಲ್ಲ ನನ್ನ ತಲೆಯ ಮೇಲೆ ಸುರಿಯಿತು. ಆಗ ಮನೆಯಿಂದ ಬಂದ ಅಮ್ಮ, ಕೊಡೆಯನ್ನು ಒಂದಿಷ್ಟು ಓರೆ ಮಾಡಿ ಮೇಲೆ ನೋಡಿ, ‘ಕಾಫಿ ಆಗಿದೆ. ಕೃಷ್ಣನ ವೇಷದವರು ಇಳಿದು ಬಂದು ಕುಡಿಯುತ್ತಾರೋ, ಅಲ್ಲಿಗೇ ಕಳಿಸಬೇಕೋ?’ ಎಂದಳು.

ಅಲ್ಲಿಯವರೆಗಿನದು ನೀನು ಕಂಡದ್ದು. ಆ ರಾತ್ರಿ ನೀನು ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಎಂಟು ಕ್ವಿಂಟಾಲ್ ಅಡಿಕೆಯಾಗುವ ತೋಟದಲ್ಲಿ ಎರಡೂವರೆ ಉಳಿದರೆ ಹೆಚ್ಚು ಎಂಬ ಲೆಕ್ಕ ನಾನು ಬಾಯಿಬಿಟ್ಟು ಹೇಳುವ ಮೊದಲೇ ಅವಳಿಗೆ ತಿಳಿದಿತ್ತು. ಅಡವಿಡಲೆಂದು ತನ್ನ ಎರಡು ಬಳೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತ ಅಳುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತಾಗ ತಿರುಗಿ ನೋಡಿದವಳು, ಎರಡು ಸ್ನಾನದ ನಂತರವೂ ನನ್ನ ಕಿವಿಯ ಮಡಿಕೆಯಲ್ಲಿ ಉಳಿದಿದ್ದ ನೀಲಿಯನ್ನು ಕಂಡು, ನಿನಗೆ ಎಚ್ಚರವಾಗದಿರಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅಳು ನಿಂತಿರಲಿಲ್ಲ, ನಗುವೂ ನಿಲ್ಲಲಿಲ್ಲ. ಬಳೆಗಳನ್ನು ಬಿಡಿಸಿಕೊಳ್ಳಲು ಕೊನೆಗೂ ಆಗಲಿಲ್ಲ.

ಬೋರ್ಡೋ ಹುಟ್ಟಿದ ಕಥೆಯನ್ನು ಅವಳಿಗೆ ಹೇಳಿದ್ದೂ ಅದೇ ಮಳೆಗಾಲದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಯ ಪಕ್ಕದ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನಬಾರದೆಂದು ಮೈಲುತುತ್ತ, ಸುಣ್ಣ ಎರಚಿ ಹಣ್ಣು ವಿಷದಂತೆ ಕಾಣುವ ಹಾಗೆ ಮಾಡುತ್ತಿದ್ದರಂತೆ. ಹಾಗೆ ಎರಚಿದ ಬಳ್ಳಿಗಳಿಗೆ ಬೂಜು ರೋಗ ತಗಲಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ನಮ್ಮ ಅಡಿಕೆಯ ಕೊಳೆಯ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಧ್ಯಯನ ಪ್ರಕಟಿಸಿದರು. ಅದಕ್ಕೂ ಹಿಂದಿನಿಂದ ಅಡಿಕೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆ ತಡೆಯುತ್ತಿದ್ದ ಮಲೆನಾಡಿಗೆ ಈ ಔಷಧಿಯೂ ಸೇರಿಕೊಂಡಿತು. ಇದನ್ನೆಲ್ಲ ಕೇಳಿದ ಅಮ್ಮ, ‘ಹಾಗಾದರೆ ಇದು ಕಳ್ಳರಿಗೆ ಮಾಡಿದ ಔಷಧಿ. ನಮ್ಮಲ್ಲಿ ಕದ್ದದ್ದೂ ಮಳೆಯೇ, ಔಷಧಿಯನ್ನು ತೊಳೆದುಕೊಂಡು ಹೋದದ್ದೂ ಮಳೆಯೇ’ ಎಂದಳು. ಇಷ್ಟು ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಕೊನೆಯ ಚಿಕಿತ್ಸೆಗಳ ಹೊತ್ತಿಗೆ ಅವಳ ಕೂದಲು ದಿಂಬಿನ ತುಂಬ ಉದುರಿತ್ತು. ಒಂದು ಬೆಳಿಗ್ಗೆ ನಾನು ಅದನ್ನು ಒಟ್ಟುಮಾಡುತ್ತಿದ್ದಾಗ, ‘ಎರಡನೆಯ ಸಲದ ಬೋರ್ಡೋ ತಡವಾಯಿತು ನೋಡಿ, ಕಾಯಿ ಉದುರುತ್ತಿದೆ’ ಎಂದಳು. ನಾನು ನಗಲಿಲ್ಲ. ಅಂಥ ಮಾತು ಬೇಡವೆಂದು ಗದರಿಬಿಟ್ಟೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಆ ನೋವಿನಲ್ಲೂ ನನಗಾಗಿ ಒಂದು ಮಾತು ಹುಡುಕಿ ತಂದಿದ್ದಳು, ನಾನು ಕೈ ಚಾಚಲಿಲ್ಲ. ಸಂಕಟಪಡಬೇಕಾದವನು ನಾನು ಪುಟ್ಟಿ, ಕಾಫಿ ಕಂಡು ನಕ್ಕ ನೀನಲ್ಲ.

ಈ ವರ್ಷದ ಮೈಲುತುತ್ತ ಬಂದಿದೆ, ಕೊನೆಗಾರ ಗುರುವಾರ ಬರುತ್ತೇನೆ ಎಂದಿದ್ದಾನೆ, ಯಾವ ಗುರುವಾರವೆಂದು ಹೇಳಿಲ್ಲ. ವರ್ಷಾಂತಿಕಕ್ಕೆ ಎರಡು ದಿನ ಮೊದಲೇ ಬಾ. ಅಮ್ಮನ ಹೊಲಿಗೆ ಯಂತ್ರವನ್ನು ಬೆಂಗಳೂರಿಗೆ ಒಯ್ಯುತ್ತೇನೆ ಎಂದಿದ್ದೆಯಲ್ಲ, ಎಣ್ಣೆ ಬಿಟ್ಟು ಒರೆಸಿಟ್ಟಿದ್ದೇನೆ. ಅದರ ಹೊದಿಕೆ ಯಾವುದೆಂದು ನೀನು ಎಂದಾದರೂ ಗಮನಿಸಿದ್ದೆಯೋ ಇಲ್ಲವೋ. ಅಂದು ನಾನು ಉಟ್ಟಿದ್ದ ಪಂಚೆಯನ್ನು, ನೀಲಿ ಕಲೆಗಳೆಲ್ಲ ಎದುರಿಗೆ ಬರುವಂತೆ ಕತ್ತರಿಸಿ ಅವಳೇ ಹೊಲಿದದ್ದು. ಯಂತ್ರ ನೀನು ಒಯ್ಯಿ, ಹೊದಿಕೆ ಇಲ್ಲೇ ಇರಲಿ.

ನಿನ್ನ
ಅಪ್ಪಯ್ಯ